ದಂಡಿನ ಜೊತೆ ಬಂದ ಬಣ್ಣದ ಪೆಟ್ಟಿಗೆ

ಬೆಂಗಳೂರು ಸೀಮೆಯ ಬಯಲಲ್ಲಿ ಕೂತು ಚಿತ್ರ ಬರೆದ ಮೊದಲ ಪ್ರವಾಸಿಗಳಲ್ಲಿ ಹಲವರು ದಂಡಿನೊಂದಿಗೆ ಬಂದವರು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಸೈನ್ಯ ದೇವನಹಳ್ಳಿಯತ್ತ ತಿರುಗಿತು. ಕಲಾವಿದ ರಾಬರ್ಟ್ ಹೋಮ್, ಫಿರಂಗಿ ದಳದ ಜೇಮ್ಸ್ ಹಂಟರ್, ಸರ್ವೇ ಬಲ್ಲ ಕೋಲ್‌ಬ್ರೂಕ್ ಮೂವರೂ ಆ ಯುದ್ಧಕಾಲದಲ್ಲಿ ಮೈಸೂರು ಸೀಮೆಯನ್ನು ಚಿತ್ರಿಸಿದರು. ಅವರ ಕಣ್ಣು ಹೆಚ್ಚಾಗಿ ನೆಟ್ಟಿದ್ದು ಬುರುಜು, ಬಾಗಿಲು, ದುರ್ಗಗಳ ಮೇಲೆ.

ಹೀಗೆ ಊರೂರು ತಿರುಗುತ್ತ ಬರೆಯುವುದು ಹಗುರವಾಗಲು ಒಂದು ಕಾರಣ, 1780ರ ಸುಮಾರಿಗೆ ಲಂಡನ್ನಿನ ರೀವ್ಸ್ ಸೋದರರು ತಯಾರಿಸಿದ ಬಣ್ಣದ ಬಿಲ್ಲೆ. ಒದ್ದೆ ಕುಂಚ ಆಡಿಸಿದರೆ ಸಾಕು. ಬಣ್ಣ ಅರೆಯುವ ಕೆಲಸವಿಲ್ಲ. ಚಿತ್ರ ಇಲ್ಲಿ ಹುಟ್ಟಿದರೂ ಓದುಗರ ಕೈ ಸೇರುತ್ತಿದ್ದುದು ಲಂಡನ್ನಿನ ತಾಮ್ರದ ತಗಡಿನ ಮುದ್ರಣದಿಂದ. ಹಂಟರ್ 1792ರಲ್ಲೇ ತೀರಿಕೊಂಡ; ಅವನ ಚಿತ್ರಗಳು ಅಚ್ಚಾದದ್ದು 1804–05ರಲ್ಲಿ. ಅದೇ 1792ರಲ್ಲಿ ಚಿತ್ರಕಾರರಾದ ಡೇನಿಯಲ್ ಬಂಧುಗಳು ದಕ್ಷಿಣ ಭಾರತ ಸುತ್ತಿದರು. 1874ರಲ್ಲಿ ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಲಿಯರ್ ಬೆಂಗಳೂರಿಗೆ ಬಂದಾಗ ಯುದ್ಧದ ನೆಪ ಬೇಕಿರಲಿಲ್ಲ. ಚಿತ್ರಕ್ಕಾಗಿಯೇ ಪ್ರವಾಸ ನಡೆದಿತ್ತು.

ಮುಂದಿನ ತಿರುವು ನಮ್ಮವರದು. ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರ ತೆರೆದರು. ಕೆ. ವೆಂಕಟಪ್ಪ ಊಟಿ, ಕೊಡೈಕನಾಲ್‌ಗಳ ಮಂಜನ್ನು ಜಲವರ್ಣದಲ್ಲಿ ಹಿಡಿದರು. ಆದರೆ ಬೆಂಗಳೂರು ಸೀಮೆಯ ಮಟ್ಟಿಗೆ ದೊಡ್ಡ ಹೆಸರು ರುಮಾಲೆ ಚನ್ನಬಸವಯ್ಯ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಇವರು ಕಲಾಮಂದಿರದಲ್ಲಿ ಕಲಿತರು, ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು. ನಂತರ ಪೂರ್ತಿಯಾಗಿ ಕುಂಚಕ್ಕೆ ಮರಳಿದರು. ಬಯಲಲ್ಲೇ ಚಿತ್ರ ಬರೆಯುವುದು ಅವರ ಪದ್ಧತಿ. ಹೂಬಿಟ್ಟ ಮರದ ಬಳಿ ಅವರು ರೆಂಬೆಗಳ ಲೆಕ್ಕ ಹಾಕುವುದಿಲ್ಲ. ಸಣ್ಣ ಸಣ್ಣ ಬಣ್ಣದ ಹೊಡೆತಗಳನ್ನು ಒತ್ತೊತ್ತಾಗಿ ಇಟ್ಟು ಇಡೀ ಮರವನ್ನು ಬಿಸಿಲಿನಲ್ಲಿ ಕಾಯಿಸುತ್ತಾರೆ. ಹಂಟರನ ಚಿತ್ರದಲ್ಲಿ ಮರ ಕೋಟೆಯ ಪಕ್ಕವಾದ್ಯ. ರುಮಾಲೆಯವರಲ್ಲಿ ಮರದ್ದೇ ಕಛೇರಿ.

ಮೂರನೆಯ ಘಟ್ಟ ಗುಂಪಿನದು. 2007ರಲ್ಲಿ ಅಮೆರಿಕದ ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ ಶುರುಮಾಡಿದ ‘ಅರ್ಬನ್ ಸ್ಕೆಚರ್ಸ್’ ಬಳಗ ಸ್ಥಳದಲ್ಲೇ ಬರೆಯಬೇಕೆಂಬ ನಿಯಮವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಬೆಂಗಳೂರಿನ ‘ಪೆನ್ಸಿಲ್ ಜ್ಯಾಮ್’ ಕೂಡ ವಾರಾಂತ್ಯದಲ್ಲಿ ಹೊರಗೆ ಸೇರಿ ಬರೆಯುವವರ ಬಳಗ. ಬಿಡುವಿನ ಒಂದು ಬೆಳಗ್ಗೆ ಸಿಕ್ಕರೂ ಸಾಕು, ಪುಟ ತುಂಬುತ್ತದೆ.

ಈ ಜಾಡಿನುದ್ದಕ್ಕೂ ಬದಲಾದದ್ದು ಬಣ್ಣಕ್ಕಿಂತ ಹೆಚ್ಚಾಗಿ ಬರೆಯುವವರಿಗೂ ಊರಿಗೂ ಇರುವ ನಂಟು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತಣ ಬಯಲು ಬೇಗ ಬೇಗ ರೂಪ ಕಳೆದುಕೊಳ್ಳುತ್ತಿದೆ. ಅಲ್ಲಿನ ಕೋಟೆಯ ಹೊರಮೈ ನೋಡಿ ಹೊರಡುವವರು ಒಳಗಿನ ಬೀದಿ, ಜಗಲಿ, ಗುಡಿಗಳತ್ತಲೂ, ದೊಡ್ಡಬಳ್ಳಾಪುರದ ನೇಕಾರರ ಕೇರಿಗಳತ್ತಲೂ ಚಿತ್ರದ ಪುಸ್ತಕ ಹಿಡಿದು ಹೋಗಬೇಕು. ದಂಡಿನವರಿಗೆ ಇವು ಬೇಕಿರಲಿಲ್ಲ, ನಮಗೆ ಬೇಕು.