ಗಡಿಯ ಸುಂಕವೂ ನ್ಯಾಯನಿರ್ಣಯವೂ

ಯಾದಗಿರಿಗೆ ಸಮೀಪದ ಅಬ್ಬೆತುಮಕೂರಿನಂತಹ ಗ್ರಾಮಕ್ಕೆ ಪರಸ್ಥಳದಿಂದ ಬರುವ ಸರಕಿನ ಮೇಲೆ ತೆರಿಗೆಯನ್ನೆತ್ತುವ ಅಧಿಕಾರವು ಯಾರದು, ಅದಕ್ಕೆ ಮೇರೆಯೆಲ್ಲಿ ಎಂಬ ಪ್ರಶ್ನೆಯು ಹೊಸದಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮೇಲಿಂದ ಮೇಲೆ ದೊರೆಯುತ್ತವೆ. ಅಂದು ಸುಂಕವನ್ನು ವಿಧಿಸುವುದೂ ಬಿಡುವುದೂ ಆಳುವವರ ಇಚ್ಛೆಗೆ ಸೇರಿದ್ದಿತು. ಇಂದು ಅದರ ಮೇರೆಯನ್ನು ನ್ಯಾಯಾಲಯಗಳು ವಿವೇಚಿಸುತ್ತವೆ. ಈ ಪರಿವರ್ತನೆಯ ಕ್ರಮವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

1948ರ ವರೆಗೆ ಈ ಪ್ರಾಂತವು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ನಿಜಾಮರಿಗೂ ಈಸ್ಟ್ ಇಂಡಿಯಾ ಕಂಪೆನಿಗೂ 1802ರಲ್ಲಿ ಆದ ವಾಣಿಜ್ಯದ ಒಪ್ಪಂದವು ಸರಕಿನ ಸುಂಕವನ್ನು ಶೇಕಡಾ 5ಕ್ಕೆ ಗೊತ್ತುಪಡಿಸಿತು. 1950ರ ಸಂವಿಧಾನವು ತನ್ನ 301ನೆಯ ಅನುಚ್ಛೇದದಲ್ಲಿ ದೇಶದೊಳಗಿನ ವ್ಯಾಪಾರವು ಮುಕ್ತವೆಂದು ಸಾರಿತು. ಆದರೂ ಹಳೆಯ ಸಂಸ್ಥಾನಗಳು ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು ಕೆಲಕಾಲ ಗಡಿಸುಂಕವನ್ನು ಮುಂದುವರಿಸಲು 306ನೆಯ ಅನುಚ್ಛೇದವು ಎಡೆಗೊಟ್ಟಿತು. 1956ರಲ್ಲಿ ಆ ಅನುಚ್ಛೇದವು ರದ್ದಾಯಿತು. ಅದೇ ವರ್ಷ ಯಾದಗಿರಿಯು ಮೈಸೂರು ರಾಜ್ಯವನ್ನು ಸೇರಿತು.

ಸುಂಕದ ಕಟ್ಟೆಗಳು ಹೋದರೂ ವಿವಾದವು ಹೋಗಲಿಲ್ಲ. ರಸ್ತೆ ಮತ್ತು ಒಳನಾಡಿನ ಜಲಮಾರ್ಗಗಳಲ್ಲಿ ಸಾಗುವ ಚಹಾದ ಮೇಲೆ ಅಸ್ಸಾಂ ವಿಧಿಸಿದ್ದ ತೆರಿಗೆಯನ್ನು ಸರ್ವೋಚ್ಚ ನ್ಯಾಯಾಲಯವು ಅಟಿಯಾಬಾರಿ ಚಹಾ ಕಂಪೆನಿಯ ಮೊಕದ್ದಮೆಯಲ್ಲಿ 1960ರಲ್ಲಿ ಅಸಿಂಧುವೆಂದಿತು. ಸರಕಿನ ಸಂಚಾರವನ್ನು ನೇರವಾಗಿ ತಡೆಯುವ ತೆರಿಗೆಯು 301ಕ್ಕೆ ವಿರುದ್ಧವೆಂಬುದೇ ಕಾರಣ. 1962ರಲ್ಲಿ ರಾಜಸ್ಥಾನದ ಮೋಟಾರು ವಾಹನಗಳ ಮೊಕದ್ದಮೆಯು ರಸ್ತೆಯ ಸೌಕರ್ಯಕ್ಕೆ ಪ್ರತಿಫಲವಾದ ತೆರಿಗೆಯನ್ನು ಅದರಿಂದ ಹೊರಗಿರಿಸಿತು.

ನಮ್ಮ ರಾಜ್ಯಕ್ಕೆ ಮುಖ್ಯವಾದುದು 1980ರ ಹನ್ಸಾ ಕಾರ್ಪೊರೇಷನ್ ಮೊಕದ್ದಮೆಯ ತೀರ್ಪು. ಕರ್ನಾಟಕವು 1979ರಲ್ಲಿ ಆಕ್ಟ್ರಾಯಿಯನ್ನು ತೆಗೆದುಹಾಕಿ, ಸ್ಥಳೀಯ ಸಂಸ್ಥೆಗಳ ನಷ್ಟವನ್ನು ತುಂಬಲು ಪ್ರವೇಶ ತೆರಿಗೆಯನ್ನು ತಂದಿದ್ದಿತು. ಒಂದು ಕಡೆಗೆ ವರ್ತಕನ ಸ್ವಾತಂತ್ರ್ಯ, ಇನ್ನೊಂದು ಕಡೆಗೆ ಊರಿನ ದೀಪ, ನೀರು, ಬೀದಿಗಳ ವೆಚ್ಚ: ಇವುಗಳಲ್ಲಿ ಯಾವುದು ಮಿಗಿಲು? ಈ ನಿರ್ಬಂಧವು ಸಾರ್ವಜನಿಕ ಹಿತಕ್ಕೆ ಸಲ್ಲುವ ಯುಕ್ತವಾದ ನಿರ್ಬಂಧವೆಂದು ನ್ಯಾಯಾಲಯವು ರಾಜ್ಯದ ಮೇಲ್ಮನವಿಯನ್ನು ಪುರಸ್ಕರಿಸಿತು.

ಹರಿಯಾಣಕ್ಕೆ ಸಂಬಂಧಿಸಿದ ಜಿಂದಾಲ್ ಮೊಕದ್ದಮೆಯಲ್ಲಿ 2016ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಹಳೆಯ ಪ್ರತಿಫಲವಾದವನ್ನು ತೊರೆಯಿತು. ಹೊರಗಿನ ಸರಕಿಗೂ ಒಳಗಿನ ಸರಕಿಗೂ ಭೇದವೆಣಿಸುವ ತೆರಿಗೆಯೇ ದೋಷಯುಕ್ತವೆಂದು ಬಹುಮತವು ನಿರ್ಣಯಿಸಿತು. ಮರುವರ್ಷ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಿತು. ರಾಜ್ಯಪಟ್ಟಿಯಲ್ಲಿದ್ದ ಪ್ರವೇಶ ತೆರಿಗೆಯ ಅಧಿಕಾರವೂ ಲೋಪವಾಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ವರ್ತಕನ ಚಿರಕಾಲದ ಅನುಭವ. ಆ ಸುಖದುಃಖಕ್ಕೆ ಕಿವಿಗೊಡುವ ಒಂದು ಸ್ಥಾನವು ಏರ್ಪಟ್ಟಿತೆಂಬುದೇ, ವರ್ತಕನು ಸೋತ ಮೊಕದ್ದಮೆಗಳನ್ನೂ ಕೂಡಿಸಿ, ಈ ಇತಿಹಾಸದ ಸಾರವೆಂದು ತೋರುತ್ತದೆ.