ಬೆಳವಣಿಗೆಯ ಮೈಲಿಗಲ್ಲುಗಳು: ಒಂದು ಅಳತೆಗೋಲಿನ ಇತಿಹಾಸ

ಮಗು ಬೋರಲು ಬಿದ್ದಿತು, ಅಂಬೆಗಾಲಿಕ್ಕಿತು, ಹೊಸ್ತಿಲು ದಾಟಿತು, ತೊದಲು ನುಡಿಯಿತು — ಈ ಕ್ರಮವನ್ನು ನಮ್ಮ ಮನೆಗಳ ಹಿರಿಯ ಹೆಂಗಸರು ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲರು. ಆದರೆ ಇಂತಿಷ್ಟು ವಯಸ್ಸಿಗೆ ಇಂಥ ಕಾರ್ಯವೆಂದು ವಿಧಿಸುವ ಮುದ್ರಿತ ಪಟ್ಟಿ ಈಚಿನದು. ಶಾಲೆಗೆ ಸೇರುವ ಮುನ್ನಿನ ಮಕ್ಕಳನ್ನು ಅಳೆಯುವ ಈ ಪಟ್ಟಿ ಹೇಗೆ ಬೆಳೆದು ಬಂದಿತು, ಯಾವ ಮಕ್ಕಳನ್ನು ನೋಡಿ ರಚಿತವಾಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದರ ಮೊದಲ ಘಟ್ಟವನ್ನು ತಂದೆಯರ ದಿನಚರಿಯ ಕಾಲವೆನ್ನಬಹುದು. ಜರ್ಮನಿಯ ತತ್ತ್ವಜ್ಞ ಟೀಡೆಮಾನ್ 1787ರಲ್ಲಿ ತನ್ನ ಮಗನ ಬೆಳವಣಿಗೆಯ ವರದಿಯನ್ನು ಪ್ರಕಟಿಸಿದನು. ಚಾರ್ಲ್ಸ್ ಡಾರ್ವಿನ್ ತನ್ನ ಹಿರಿಯ ಮಗನನ್ನು ಕುರಿತು ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಮೂವತ್ತೇಳು ವರ್ಷಗಳ ತರುವಾಯ, 1877ರಲ್ಲಿ, ‘ಮೈಂಡ್’ ಪತ್ರಿಕೆಯಲ್ಲಿ ಬೆಳಕಿಗೆ ತಂದನು. ಶರೀರಶಾಸ್ತ್ರಜ್ಞ ಪ್ರೈಯರ್ ತನ್ನ ಮಗನ ಮೊದಲ ಮೂರು ವರ್ಷಗಳನ್ನು ಎಡೆಬಿಡದೆ ನಿರೀಕ್ಷಿಸಿ 1882ರಲ್ಲಿ ಗ್ರಂಥವನ್ನೇ ರಚಿಸಿದನು. ಇವರ ನೋಟ ಸೂಕ್ಷ್ಮವಾದುದು. ಆದರೆ ಪ್ರತಿಯೊಬ್ಬನ ಕಣ್ಣೆದುರಿಗೂ ಇದ್ದುದು ಒಂದೇ ಮಗು. ಆ ಮಗು ಮಾಡಿದ್ದನ್ನು ಅವರು ವರ್ಣಿಸಿದರೇ ಹೊರತು ಎಲ್ಲ ಮಕ್ಕಳೂ ಮಾಡತಕ್ಕದ್ದನ್ನು ವಿಧಿಸಿದಂತಾಗಲಿಲ್ಲ.

ಎರಡನೆಯ ಘಟ್ಟದಲ್ಲಿ ಒಂದು ಮಗುವಿನ ಸ್ಥಾನಕ್ಕೆ ಹಲವು ಮಕ್ಕಳ ಸರಾಸರಿ ಬಂದಿತು. ಪ್ಯಾರಿಸ್ಸಿನ ಬಿನೆ ಮತ್ತು ಸೀಮೋ 1905ರಲ್ಲಿ ರಚಿಸಿದ ಪರೀಕ್ಷೆಯನ್ನು 1908ರಲ್ಲಿ ಪರಿಷ್ಕರಿಸಿ, ಮೂರನೆಯ ವಯಸ್ಸಿನಿಂದ ಮೊದಲುಗೊಂಡು ವರ್ಷವರ್ಷಕ್ಕೂ ಪ್ರಶ್ನೆಗಳನ್ನು ಜೋಡಿಸಿದರು. ಮೂರು ವರ್ಷದ ಮಗು ತನ್ನ ಕಣ್ಣು, ಮೂಗು, ಬಾಯಿಗಳನ್ನು ತೋರಿಸಬೇಕು. ಐದು ವರ್ಷದ್ದು ಚೌಕವನ್ನು ನೋಡಿ ಬರೆಯಬೇಕು. ಅಮೆರಿಕದ ನ್ಯೂ ಹೇವನ್ ನಗರದಲ್ಲಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ, 1911ರಲ್ಲಿ ಮಕ್ಕಳ ಅಧ್ಯಯನ ಕೇಂದ್ರವನ್ನು ತೆರೆದ ಆರ್ನಾಲ್ಡ್ ಗೆಸೆಲ್ ಈ ಮಾರ್ಗವನ್ನು ಮತ್ತಷ್ಟು ವಿಸ್ತರಿಸಿದನು. ಶಾಲಾಪೂರ್ವ ವಯಸ್ಸಿನ ಮಾನಸಿಕ ಬೆಳವಣಿಗೆಯನ್ನು ಕುರಿತ ಅವನ ಗ್ರಂಥ 1925ರಲ್ಲಿ ಹೊರಬಂದಿತು. ಕಾಯಿ ತನ್ನ ಕಾಲಕ್ಕೆ ಹಣ್ಣಾಗುವಂತೆ ಮಗುವೂ ಒಳಗಿನ ನಿಯಮದಂತೆ ಬೆಳೆಯುತ್ತದೆ ಎಂಬುದು ಅವನ ನಿಲವು.

ಇಲ್ಲಿ ನಾವು ಎರಡು ಸಂಗತಿಗಳನ್ನು ಗಮನಿಸಬೇಕು. ಗೆಸೆಲ್ ತನ್ನ ಮಾನಗಳಿಗೆ ಆಧಾರವಾಗಿ ಆರಿಸಿಕೊಂಡ ಮಕ್ಕಳು ಬಹುಮಟ್ಟಿಗೆ ಒಂದೇ ನಗರದ, ಮಧ್ಯಮ ವರ್ಗದ, ಉತ್ತರ ಯೂರೋಪು ಮೂಲದ ಕುಟುಂಬಗಳವರು. ಎರಡನೆಯದಾಗಿ, ಅರ್ಧದಷ್ಟು ಮಕ್ಕಳು ಒಂದು ಕಾರ್ಯವನ್ನು ಸಾಧಿಸುವ ವಯಸ್ಸನ್ನೇ ಗೆರೆಯೆಂದು ಎಳೆದರೆ, ಉಳಿದರ್ಧ ಮಕ್ಕಳು ಯಾವ ಕುಂದೂ ಇಲ್ಲದೆ ಗೆರೆಯ ಆಚೆಗೆ ಉಳಿಯುತ್ತಾರೆ. ಪಟ್ಟಿಯು ವಿದ್ವಾಂಸರ ಕೈಯಿಂದ ತಾಯಿತಂದೆಯರ ಕೈಗೆ ಬರುವಷ್ಟರಲ್ಲಿ ಈ ವಿವೇಕ ಮರೆಯಾಗಿ, ಸರಾಸರಿಯೇ ಸರಿಯೆಂದಾಯಿತು.

ಮೂರನೆಯ ಘಟ್ಟ ಈ ಭ್ರಾಂತಿಯ ತಿದ್ದುಪಡಿ. 1967ರ ಡೆನ್ವರ್ ಪರೀಕ್ಷೆಯು ಒಂದೊಂದು ಕಾರ್ಯಕ್ಕೂ ಒಂದೇ ವಯಸ್ಸನ್ನು ಹೇಳದೆ, ಶೇಕಡ 25ರಿಂದ 90ರವರೆಗಿನ ಮಕ್ಕಳು ಅದನ್ನು ಸಾಧಿಸುವ ಅವಧಿಯನ್ನು ಪಟ್ಟಿಯಾಗಿ ತೋರಿಸಿತು. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಸರೆಯಿಲ್ಲದೆ ನಡೆಯುವ ಅವಧಿ 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿದೆ, ಶೇಕಡ 4.3ರಷ್ಟು ಮಕ್ಕಳು ಅಂಬೆಗಾಲಿಕ್ಕದೆಯೇ ಮುಂದಿನ ಹಂತಗಳಿಗೆ ಸಾಗಿದರು.

ನಮ್ಮ ದೇಶದಲ್ಲಿಯೂ ಸ್ವಂತ ಅಳತೆಗೋಲಿನ ಯತ್ನಗಳು ನಡೆದಿವೆ. ಬರೋಡದ ಮಕ್ಕಳನ್ನು ಅಭ್ಯಸಿಸಿ ಪ್ರಮೀಳಾ ಫಾಟಕ್ 1970ರಲ್ಲಿ ಭಾರತೀಯ ಶಿಶುಗಳ ಮಾನಗಳನ್ನು ನಿರ್ಧರಿಸಿದರು. ಮೈಸೂರಿನಲ್ಲಿ ಜೆ. ಭರತರಾಜ್ ಹುಟ್ಟಿನಿಂದ ಹದಿನೈದು ವರ್ಷಗಳವರೆಗಿನ 88 ಅಂಶಗಳ ಪರೀಕ್ಷೆಯನ್ನು ರೂಪಿಸಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದುದು ತಿರುಮಕೂಡಲು ನರಸೀಪುರ. ಅಂದಿನಿಂದ ಹಳ್ಳಿಯ ಮಗುವನ್ನು ವಿದ್ಯೆಯ ದೃಷ್ಟಿಯಿಂದ ಮೊದಲು ನೋಡುವ ಕಣ್ಣು ಅಂಗನವಾಡಿ ಕಾರ್ಯಕರ್ತೆಯದಾಯಿತು.

ಆ ಕಣ್ಣಿಗೆ ಎರಡು ಬಗೆಯ ತಪ್ಪುಗಳು ಸಾಧ್ಯ. ತುಸು ನಿಧಾನವಾದ ಮಗುವಿಗೆ ಮಂದಬುದ್ಧಿಯೆಂಬ ಹಣೆಪಟ್ಟಿ ಹಚ್ಚುವುದು ಒಂದು. ಎರಡು ವರ್ಷ ಕಳೆದರೂ ಮಾತು ಬಾರದ ಮಗುವನ್ನು ‘ತಡವಾದರೂ ಬಂದೀತು’ ಎಂದು ಬಿಟ್ಟು, ಅದರ ಕಿವುಡುತನವನ್ನು ಗುರುತಿಸದೆ ಅಮೂಲ್ಯವಾದ ಕಾಲವನ್ನು ಕಳೆಯುವುದು ಇನ್ನೊಂದು. ಮೊದಲನೆಯದು ಪಟ್ಟಿಯನ್ನು ಅತಿಯಾಗಿ ನಂಬಿದುದರ ಫಲ, ಎರಡನೆಯದು ಅದನ್ನು ಕಡೆಗಣಿಸಿದುದರ ಫಲ. ಮೈಲಿಗಲ್ಲು ಪಯಣಿಗನ ಯೋಗ್ಯತೆಯನ್ನು ನಿರ್ಣಯಿಸುವುದಿಲ್ಲ. ಎಲ್ಲಿದ್ದಾನೆಂಬುದನ್ನು ಸೂಚಿಸುತ್ತದೆ, ಅಷ್ಟೆ. ಯಾವ ಪಟ್ಟಿ ಕೈಗೆ ಬಂದರೂ ಅದು ಯಾರ ಮಕ್ಕಳನ್ನು, ಎಷ್ಟು ಮಕ್ಕಳನ್ನು ನೋಡಿ ಬರೆದದ್ದೆಂದು ಮೊದಲು ಕೇಳಿ, ಆಮೇಲೆ ನಮ್ಮೆದುರಿನ ಮಗುವನ್ನು ನೋಡುವುದು ಅಧ್ಯಾಪಕರಾದವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.