ಹಳೆ ಸೀರೆಯ ಮೂರನೆಯ ಗಂಟು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಸೀರೆ ಹರಿದರೂ ಸಾಯುವುದಿಲ್ಲ. ಗಟ್ಟಿ ಉಳಿದದ್ದು ಕೌದಿಗೆ ಹೋಗುತ್ತದೆ. ಮೆತ್ತಗಾದದ್ದು ಕೂಸಿನ ಹಾಸಿಗೆಗೆ. ತೀರಾ ಮೆತ್ತಗಾಗಿ ಹಿಂಜಿಹೋದದ್ದು ಮನೆಯ ಗಂಡಸರಿಗೆ ಕಾಣದ ಒಂದು ಗಂಟಿಗೆ ಸೇರುತ್ತದೆ. ಕೌದಿಗೆ ಈಗ ಪ್ರದರ್ಶನ, ಸನ್ಮಾನ ಎಲ್ಲ ಸಿಕ್ಕಿವೆ. ಈ ಮೂರನೆಯ ಗಂಟಿನ ಸುದ್ದಿ ಮಾತ್ರ ಪತ್ರಿಕೆಗೆ ಬರುವುದು ಅಪರೂಪ. ಗ್ರಾಮೀಣ ಪತ್ರಿಕೋದ್ಯಮ ಓದಿ ಬಂದ ನಾವೂ ಬರ, ಬೆಳೆ, ಬೆಲೆ ಎಂದು ಬರೆದಷ್ಟು ಇದನ್ನು ಬರೆದಿಲ್ಲ.

ಚರ್ಚಿನ ಬಳಗಗಳು, ಸ್ವಯಂಸೇವಾ ಸಂಸ್ಥೆಗಳು ತೊಳೆದು ಮತ್ತೆ ಬಳಸುವ ಬಟ್ಟೆಯ ಪ್ಯಾಡ್ ಹೊಲಿದು ಬಡ ಹೆಣ್ಣುಮಕ್ಕಳಿಗೆ ಹಂಚುವ ಕೆಲಸ ಇಂದು ಲೋಕದ ಹಲವು ಕಡೆ ನಡೆದಿದೆ. ಅದನ್ನು ಹೊಸ ಶೋಧದಂತೆ ಹೇಳುವುದುಂಟು. ನಮಗೆ ಅದು ಆ ಮೂರನೆಯ ಗಂಟೇ ಹೊಲಿಗೆ ಹಾಕಿಸಿಕೊಂಡು ವಾಪಸು ಬಂದಂತೆ ಕಾಣುತ್ತದೆ.

ನಮ್ಮ ಕಡೆ ಮುಟ್ಟಿಗೆ ನೇರ ಹೆಸರು ಹೇಳುವವರು ಕಡಿಮೆ. 'ಹೊರಗ ಕುಂತಾಳ', 'ಕಡಿಗಾಗ್ಯಾಳ' ಅನ್ನುತ್ತಾರೆ. ಮನುಷ್ಯಳೇ ಹೊರಗೆ ಕುಳಿತ ಮೇಲೆ ಅವಳ ಬಟ್ಟೆ ಒಳಗೆ ಬಂದೀತೇ? ದನದ ಕೊಟ್ಟಿಗೆಯ ಮೂಲೆಗೋ, ಬಣವೆಯ ಸಂದಿಗೋ, ಬಚ್ಚಲಿನ ಹಿಂದಿನ ಹಗ್ಗಕ್ಕೋ ಹೋಗುತ್ತದೆ. ಆ ಹಗ್ಗದ ಮೇಲೂ ಒಂದು ಲಂಗ ಹೊದಿಸಿ ಮುಚ್ಚುತ್ತಾರೆ. ರೋಗದ ಮೂಲ ಇಲ್ಲಿದೆ. ಬಟ್ಟೆ ತಾನಾಗಿ ಕೆಟ್ಟದ್ದಲ್ಲ. ಸೋಪು ಹಾಕಿ ತೊಳೆದು ಬಿಸಿಲಿಗೆ ಹಾಕಿದರೆ ಹತ್ತಿ ಬಟ್ಟೆ ಸ್ವಚ್ಛವೇ. ಅರೆಬರೆ ತೊಳೆದು, ಕತ್ತಲಲ್ಲಿ ಒಣಗಿಸಿ, ಹಸಿ ಇರುವಾಗಲೇ ಮತ್ತೆ ಬಳಸಿದಾಗ ತುರಿಕೆ, ಸೋಂಕು ಶುರುವಾಗುತ್ತವೆ. ಬಡತನಕ್ಕಿಂತ ನಾಚಿಕೆಯೇ ಇಲ್ಲಿ ಹೆಚ್ಚು ಕೆಡಕು ಮಾಡಿದೆ ಎಂದು ನಮ್ಮ ಅನಿಸಿಕೆ.

ಈ ನಾಚಿಕೆಯನ್ನು ಒಡೆಯಲು ಮೊದಲು ಬಂದವರು ಪಾದ್ರಿಗಳಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಲ್ಲೆವೆಂದ ಶರಣರ ನಾಡು ಇದು. ಬಸವಣ್ಣನವರ ಹೆಂಡತಿ ಗಂಗಾಂಬಿಕೆಯ ಐಕ್ಯಸ್ಥಳ ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಮಡಿಲಲ್ಲೇ ಇದೆ. ಇಷ್ಟಲಿಂಗ ಕಟ್ಟಿಕೊಂಡವಳಿಗೆ ರಜಸ್ಸಿನ ಸೂತಕವಿಲ್ಲ ಎಂಬ ಮಾತು ಹನ್ನೆರಡನೆಯ ಶತಮಾನದ್ದು. ಆದರೂ ಅದೇ ಧರ್ಮದ ಎಷ್ಟೋ ಮನೆಗಳಲ್ಲಿ ಇಂದಿಗೂ ಆ ದಿನಗಳಲ್ಲಿ ದೇವರ ಮನೆ ಬಂದ್. ತತ್ವ ಎದೆಯ ಮೇಲಿತ್ತು, ರೂಢಿ ಹೊಸ್ತಿಲ ಮೇಲಿತ್ತು.

ಕ್ರೈಸ್ತ ಮಿಷನ್ ಈ ಜಿಲ್ಲೆಗೆ ಬಂದದ್ದು 1820ರಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದು ನೆಲೆ ಹೂಡಿದರು. ಕಾಲ ಅವರಿಗೆ ಅನುಕೂಲವಾಗಿರಲಿಲ್ಲ. ನಾಲ್ಕೇ ವರ್ಷಕ್ಕೆ, 1824ರಲ್ಲಿ, ಕಿತ್ತೂರಿನ ಕೋಟೆಯೆದುರು ಕಲೆಕ್ಟರ್ ಥ್ಯಾಕರೆ ಸತ್ತ. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲೇ ತೀರಿಕೊಂಡಳು. ತೋಪು ತಂದವರ ಬಣ್ಣದವರೇ ಪುಸ್ತಕವನ್ನೂ ತಂದರೆ ಜನ ಅನುಮಾನದಿಂದ ನೋಡದೆ ಇರುತ್ತಾರೆಯೇ?

ಆ ಪುಸ್ತಕದಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಕತೆ ಇತ್ತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಹಳೆಯ ಒಡಂಬಡಿಕೆಯ ಯಾಜಕಕಾಂಡ ಮುಟ್ಟಾದವಳನ್ನು ಏಳು ದಿನ ಅಶುದ್ಧಳೆನ್ನುತ್ತದೆ. ಅವಳು ಕುಳಿತ ಜಾಗವೂ ಅಶುದ್ಧ. ಮಾರ್ಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಗುಂಪಿನಲ್ಲಿ ನುಗ್ಗಿ ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಅವನು ಬೈಯುವುದಿಲ್ಲ, ಮಗಳೇ ಎಂದು ಕರೆಯುತ್ತಾನೆ. ಒಂದೇ ಗ್ರಂಥದಲ್ಲಿ ಎರಡೂ ಇವೆ. ಯಾವ ಪುಟವನ್ನು ಜೋರಾಗಿ ಓದುತ್ತೇವೆ ಎಂಬುದು ಓದುವವರ ಕೈಯಲ್ಲಿದೆ.

ಮಿಷನ್ನಿನವರು ಹೆಣ್ಣುಮಕ್ಕಳ ಕೈಗೆ ಕೊಟ್ಟದ್ದು ಅಕ್ಷರ ಮತ್ತು ಸೂಜಿ. ಹೆಣ್ಣುಮಕ್ಕಳ ಮಿಷನ್ ಶಾಲೆ, ಬೋರ್ಡಿಂಗುಗಳಲ್ಲಿ ಹೊಲಿಗೆ ಒಂದು ಪಾಠವೇ ಆಗಿತ್ತು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಷನ್ ಇನ್ನೂ ಮುಂದೆ ಹೋಗಿ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆಯನ್ನೇ ನಡೆಸಿತು. ಖಾಕಿ ಬಣ್ಣದ ಬಟ್ಟೆಗೆ ಹೆಸರಾದ ಜಾನ್ ಹಾಲರ್ 1851ರಲ್ಲಿ ಬಂದದ್ದು ಅಲ್ಲಿಗೇ. ಬೆಳಗಾವಿಯ ಮಿಷನ್ 1904ರಲ್ಲಿ ಲಂಡನ್ನಿನವರಿಂದ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಹೊಲಿಗೆ, ನೇಯ್ಗೆ, ಶಾಲೆ ಎಲ್ಲ ಕೂಡಿದ್ದವು. ಆದರೆ ಮುಟ್ಟಿನ ಬಟ್ಟೆಯನ್ನು ಹೆಸರಿಟ್ಟು ಮಾತಾಡುವ ರೂಢಿ ಆ ಕಾಲದ ಯುರೋಪಿನ ಮನೆಗಳಲ್ಲೂ ಇರಲಿಲ್ಲ. ಅಲ್ಲಿಂದ ಬಂದವರು ಇಲ್ಲಿ ಮಾತಾಡಬೇಕಿತ್ತೆಂದರೆ ಅನ್ಯಾಯವಾದೀತು.

ಹತ್ತಿಯ ಕತೆಯನ್ನೂ ಇಲ್ಲೇ ಹೇಳಬೇಕು. ಆಗ ಬೈಲಹೊಂಗಲ ಸಂಪಗಾವಿ ತಾಲ್ಲೂಕಿನ ಕಚೇರಿ ಊರು, ಸವದತ್ತಿ ಪರಸಗಡ ತಾಲ್ಲೂಕಿನದು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ, ಧಾರವಾಡ ಬೆಳಗಾವಿಯ ಎರೆ ಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ಅರಳೆ ಲ್ಯಾಂಕಶೈರಿಗೆ ಹೋಗಿ ಮಿಲ್ ಬಟ್ಟೆಯಾಗಿ ಮರಳಿತು. ಹತ್ತಿ ಬಿಡಿಸಿದ ಹೆಣ್ಣುಮಕ್ಕಳಿಗೆ ಉಳಿದದ್ದು ಹಳೆ ಸೀರೆಯ ಚಿಂದಿ.

ಎಸೆಯುವ ಪ್ಯಾಡಿನ ಹುಟ್ಟೂ ಯುದ್ಧದಲ್ಲೇ. ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟಲು ಮರದ ನಾರಿನಿಂದ ಮಾಡಿದ ಪಟ್ಟಿಯನ್ನು ನರ್ಸುಗಳು ತಮಗೂ ಬಳಸಿಕೊಂಡರು. ಕಂಪನಿ ಅದನ್ನೇ ಕೋಟೆಕ್ಸ್ ಎಂದು ಮಾರಿತು. ನಮ್ಮ ಟಿವಿಗೆ ಅದು ನೀಲಿ ನೀರಿನ ಜಾಹೀರಾತಾಗಿ ಬಂತು. ರಾಜ್ಯ ಸರ್ಕಾರದ 'ಶುಚಿ' ಯೋಜನೆ 2013-14ರಲ್ಲಿ ಶಾಲೆಯ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡತೊಡಗಿತು. ಕೋವಿಡ್ ಹೊತ್ತಿಗೆ ನಿಂತು ಕೆಲವು ವರ್ಷದ ಮೇಲೆ ಮತ್ತೆ ಶುರುವಾಯಿತು. ನಡುವಿನ ವರ್ಷಗಳಲ್ಲಿ ಹುಡುಗಿಯರೇನು ಮಾಡಿದರು ಅಂದರೆ, ಮತ್ತೆ ಅಮ್ಮನ ಗಂಟು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) 15ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 64ರಷ್ಟು ಮಂದಿ ನ್ಯಾಪ್ಕಿನ್, ಶೇ. 50ರಷ್ಟು ಮಂದಿ ಬಟ್ಟೆ ಬಳಸುವುದಾಗಿ ಹೇಳಿದರು. ಎರಡನ್ನೂ ಬಳಸುವವರು ಬಹಳ ಎಂದಾಯಿತು. ಆದರೆ ಸಮೀಕ್ಷೆಯ 'ಸ್ವಚ್ಛ ವಿಧಾನ'ಗಳ ಪಟ್ಟಿಯಲ್ಲಿ ಬಟ್ಟೆ ಇಲ್ಲ. ಬಿಸಿಲಲ್ಲಿ ಒಣಗಿದ್ದೋ ಬಣವೆಯಲ್ಲಿ ಒಣಗಿದ್ದೋ ಎಂದು ಅದು ಕೇಳುವುದೇ ಇಲ್ಲ. ಅರ್ಧ ದೇಶದ ಬಟ್ಟೆಯನ್ನು ಕೊಳಕೆಂದು ಬರೆದಿಟ್ಟ ಹಾಗಾಯಿತು.

ಹೊಲಿದ ಪ್ಯಾಡಿಗೆ ಇಂದಿನ ರೂಪ ಕೊಟ್ಟವರಲ್ಲಿ ಒಂದು ಗುಂಪು ಕೆಲಸ ಶುರು ಮಾಡಿದ್ದು 2008ರಲ್ಲಿ, ಕೀನ್ಯಾದ ಅನಾಥ ಮಕ್ಕಳ ನಡುವೆ. ಮೊದಲು ಎಸೆಯುವ ಪ್ಯಾಡನ್ನೇ ಕೊಟ್ಟರು. ಎಸೆಯಲು ಜಾಗವೇ ಇರಲಿಲ್ಲ. ಆಮೇಲೆ ತೊಳೆಯುವುದಕ್ಕೆ ಹೊರಳಿದರು. ಡೇಸ್ ಫಾರ್ ಗರ್ಲ್ಸ್ ಎಂಬ ಆ ಸಂಸ್ಥೆ ಯಾವ ಚರ್ಚಿನದೂ ಅಲ್ಲ, ಆದರೆ ಚರ್ಚಿನ ಕೋಣೆಗಳಲ್ಲಿ ಕೂತು ಅದಕ್ಕೆ ಹೊಲಿದುಕೊಡುವ ಹೆಂಗಸರು ಬಹಳ. ಗುಂಡಿ ಹಾಕುವ ರೆಕ್ಕೆಯ ಒಂದು ಕವಚ, ಅದರೊಳಗೆ ಮಡಚಿ ಇಡುವ ಬಟ್ಟೆ. ಬಿಡಿಸಿ ಹಗ್ಗಕ್ಕೆ ಹಾಕಿದರೆ ಬಣ್ಣಬಣ್ಣದ ಕರವಸ್ತ್ರದಂತೆ ಕಾಣುತ್ತದೆ. ಜಾಣತನದ ಹೊಲಿಗೆ. ಆದರೂ ಮುಚ್ಚಿಡುವ ಜಾಣತನವೇ. ಬಿಸಿಲು ಸಿಗುತ್ತದೆ ಎಂಬ ಕಾರಣಕ್ಕೆ ನಾವು ಒಪ್ಪುತ್ತೇವೆ. ನಮ್ಮ ಹತ್ತಿರದಲ್ಲಿ ಆರೋವಿಲ್ಲಿನ ಇಕೋ ಫೆಮ್ 2010ರಿಂದ ಇದೇ ಕೆಲಸ ಮಾಡುತ್ತಿದೆ.

ಈ ನಾಲ್ಕು ತಾಲ್ಲೂಕಿನಲ್ಲಿ ಇದು ಯಾರಿಗೆ ಬೇಕು? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನೀರು ನುಗ್ಗಿದಾಗ ಹಳೆ ಸೀರೆಯ ಗಂಟೂ ತೇಲಿಹೋಯಿತು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಿಗೆ 1982ರ ಕಾಯ್ದೆ ಬಂದ ಮೇಲೂ ಮಾಸಿಕ ಖರ್ಚಿನ ಲೆಕ್ಕದಲ್ಲಿ ಪ್ಯಾಡಿಗೆ ಜಾಗ ಸಿಕ್ಕಿಲ್ಲ. ಕಬ್ಬು ಕಡಿಯಲು ಊರು ಬಿಡುವವರಿಗೆ ಬಚ್ಚಲೇ ಇಲ್ಲ.

ಕೊಡುವ ಕೈ ಚರ್ಚಿನದಾದರೆ ಇನ್ನೊಂದು ತೊಡಕು. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ವಿಧಾನಸಭೆ ಒಪ್ಪಿದ ಮತಾಂತರ ಮಸೂದೆಯಲ್ಲಿ ಉಡುಗೊರೆಯೂ ಆಮಿಷದ ಪಟ್ಟಿಯಲ್ಲಿತ್ತು. ಪ್ಯಾಡಿನ ಪೊಟ್ಟಣವೂ ಹಾಗೆ ಕಂಡೀತು. ಪ್ರಾರ್ಥನೆಗೆ ಬಂದವರಿಗೆ ಮಾತ್ರ ಕೊಟ್ಟರೆ ನಾವೂ ಅದನ್ನು ಸೇವೆ ಅನ್ನುವುದಿಲ್ಲ. ಷರತ್ತಿಲ್ಲದೆ ಕೊಟ್ಟರೆ, ಕೊಟ್ಟವರ ಕೊರಳಲ್ಲಿ ಶಿಲುಬೆ ಇದೆಯೋ ಲಿಂಗ ಇದೆಯೋ ನೋಡುವ ಕೆಲಸ ನಮ್ಮದಲ್ಲ. ಪ್ರವಾಹದ ಕಿಟ್ಟಿನ ಮೇಲೆ ಫೋಟೋ ಅಂಟಿಸಿದವರಿಗೂ ಇದೇ ಅಳತೆ ಹಿಡಿಯಬೇಕು.

ಬಟ್ಟೆ ಹೊರಗಿನಿಂದಲೇ ಬರಬೇಕೆಂದೇನೂ ಇಲ್ಲ. ಬೈಲಹೊಂಗಲದ ಹೊಲದಲ್ಲಿ ಹತ್ತಿ ಇದೆ. ರಾಮದುರ್ಗ, ಸುರೇಬಾನದಲ್ಲಿ ಕೈಮಗ್ಗ ಇನ್ನೂ ಸಪ್ಪಳ ಮಾಡುತ್ತಿವೆ, ನೇಯುವವರಿಗೆ ಕೂಲಿ ಸಾಲುತ್ತಿಲ್ಲ. ಹೊಲಿಗೆ ಮಷಿನ್ ಇಟ್ಟುಕೊಂಡು ಕುಬಸ ಹೊಲಿಯುವ ಅಕ್ಕಂದಿರು ಸ್ವಸಹಾಯ ಸಂಘಗಳಲ್ಲಿ ಇದ್ದೇ ಇದ್ದಾರೆ. ಮಾದರಿ ಕಾಗದವೊಂದನ್ನು ಅವರ ಮುಂದೆ ಹರಡಿದರೆ ಒಂದು ಮಧ್ಯಾಹ್ನದ ಕೆಲಸ.